ಆರೋಗ್ಯ ದತ್ತಾಂಶ ನಿರ್ವಹಣೆ: ಸಿಬ್ಬಂದಿಗೆ ಯಾವ ತರಬೇತಿ ಬೇಕು?

ಪುಣೆಯಲ್ಲಿ ಮಾಡಿಸಿದ ರಕ್ತಪರೀಕ್ಷೆಯ ವರದಿಯನ್ನು ಹುಬ್ಬಳ್ಳಿಯ ವೈದ್ಯರು ಮೊಬೈಲ್ ಮೂಲಕವೇ ನೋಡಬಹುದು. ಇದಕ್ಕೆ ದಾರಿ ಮಾಡಿಕೊಟ್ಟಿದ್ದು 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್. ರೋಗಿಯ ಬಳಿ 14 ಅಂಕಿಗಳ ಆಭಾ ಸಂಖ್ಯೆ ಇರಬೇಕು, ಆಸ್ಪತ್ರೆಗಳು ವ್ಯವಸ್ಥೆಗೆ ಸೇರಿರಬೇಕು, ರೋಗಿ ಒಪ್ಪಿಗೆ ನೀಡಬೇಕು. ಆದರೆ ದಾಖಲೆಯಲ್ಲಿರುವ ಮಾಹಿತಿಯೇ ತಪ್ಪಾಗಿದ್ದರೆ ಆ ತಪ್ಪೂ ಊರೂರಿಗೆ ಹೋಗುತ್ತದೆ. ಆದ್ದರಿಂದಲೇ ದತ್ತಾಂಶ ನಿರ್ವಹಿಸುವ ಸಿಬ್ಬಂದಿಗೆ ಕಂಪ್ಯೂಟರ್ ಜ್ಞಾನವೊಂದೇ ಸಾಲದು.

ರೋಗ ಸಂಕೇತಗಳ ಅರಿವು

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಇ10 ಎಂದರೆ ಟೈಪ್ 1 ಮಧುಮೇಹ, ಇ11 ಎಂದರೆ ಟೈಪ್ 2. ಮೊದಲನೆಯದಕ್ಕೆ ಇನ್ಸುಲಿನ್ ಅನಿವಾರ್ಯ. ಎರಡನೆಯದಕ್ಕೆ ಹಲವರಿಗೆ ಮಾತ್ರೆಯೇ ಸಾಕು. ಒಂದು ಅಂಕಿ ತಪ್ಪಿದರೆ ಚಿಕಿತ್ಸೆ, ವಿಮೆ ಮತ್ತು ಸರ್ಕಾರದ ಅಂಕಿಅಂಶ ಮೂರಕ್ಕೂ ಪೆಟ್ಟು. ಹಾಗಾಗಿ ವೈದ್ಯಕೀಯ ಪದಗಳ ಪರಿಚಯ ಮತ್ತು ಅನುಮಾನ ಬಂದಾಗ ವೈದ್ಯರನ್ನೇ ಕೇಳುವ ಅಭ್ಯಾಸ ತರಬೇತಿಯ ಮೊದಲ ಪಾಠವಾಗಬೇಕು.

ಗೋಪ್ಯತೆ ಮತ್ತು ಕಾನೂನು

ಹೆಸರು ಅಳಿಸಿದ ಮಾತ್ರಕ್ಕೆ ರೋಗಿಯ ಗುರುತು ಮರೆಯಾಗುವುದಿಲ್ಲ. ವಯಸ್ಸು, ಪಿನ್‌ಕೋಡ್, ದಾಖಲಾದ ದಿನಾಂಕ ಮತ್ತು ಅಪರೂಪದ ಕಾಯಿಲೆ ಒಟ್ಟಿಗಿದ್ದರೆ ಸಣ್ಣ ಊರಿನಲ್ಲಿ ಆ ವ್ಯಕ್ತಿ ಯಾರೆಂದು ಸುಲಭವಾಗಿ ತಿಳಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತಾ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಒಪ್ಪಿಗೆ ಪಡೆಯುವ ಕ್ರಮ, ತಪ್ಪು ಮಾಹಿತಿ ಸರಿಪಡಿಸಿಕೊಳ್ಳುವ ರೋಗಿಯ ಹಕ್ಕು ಇವು ಸಿಬ್ಬಂದಿಗೆ ತಿಳಿದಿರಬೇಕು.

ಸೈಬರ್ ಭದ್ರತೆ

2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆದಾಗ ಹಲವು ದಿನ ಹೊರರೋಗಿ ನೋಂದಣಿಯಂಥ ಕೆಲಸಗಳನ್ನು ಕೈಬರಹದಲ್ಲೇ ನಡೆಸಬೇಕಾಯಿತು. ಅನುಮಾನಾಸ್ಪದ ಇಮೇಲ್ ಗುರುತಿಸುವುದು, ಪಾಸ್‌ವರ್ಡ್ ಹಂಚಿಕೊಳ್ಳದಿರುವುದು, ಬ್ಯಾಕಪ್ ಸರಿಯಿದೆಯೇ ಎಂದು ಪರೀಕ್ಷಿಸುವುದು ಮತ್ತು ಕಂಪ್ಯೂಟರ್ ನಿಂತಾಗ ಕಾಗದದಲ್ಲಿ ಕೆಲಸ ಮುಂದುವರಿಸುವುದು, ಇವೆಲ್ಲಕ್ಕೂ ಅಭ್ಯಾಸ ಬೇಕು.

ಯಾರಿಗೆ ಏನು?

ಎಲ್ಲರಿಗೂ ಒಂದೇ ಪಾಠ ಹೊಂದುವುದಿಲ್ಲ. ನೋಂದಣಿ ಕೌಂಟರ್‌ನವರಿಗೆ ಹೆಸರು ಮತ್ತು ವಯಸ್ಸಿನ ನಿಖರ ದಾಖಲಾತಿ, ದಾಖಲೆ ವಿಭಾಗದವರಿಗೆ ರೋಗ ಸಂಕೇತ, ಸಾಫ್ಟ್‌ವೇರ್ ತಂಡಕ್ಕೆ ಆಸ್ಪತ್ರೆಗಳ ನಡುವೆ ಮಾಹಿತಿ ಸಾಗಿಸುವ ಎಫ್‌ಎಚ್‌ಐಆರ್ ಮಾನದಂಡ, ವಿಶ್ಲೇಷಕರಿಗೆ ಸಂಖ್ಯಾಶಾಸ್ತ್ರ ಮುಖ್ಯ. ಗೋಪ್ಯತೆಯ ಪಾಠ ಮಾತ್ರ ಎಲ್ಲರಿಗೂ ಕಡ್ಡಾಯವಾಗಬೇಕು. ಪರದೆಯ ಮೇಲಿನ ಪ್ರತಿ ಸಾಲಿನ ಹಿಂದೆ ಒಬ್ಬ ರೋಗಿ ಇದ್ದಾರೆ.