ಖಜೂರಿ

ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಗಡಿಗ್ರಾಮ, ಹೋಬಳಿ ಕೇಂದ್ರ. ಆಳಂದ ಪಟ್ಟಣದಿಂದ ಉತ್ತರಕ್ಕೆ, ಮಹಾರಾಷ್ಟ್ರದ ಉಮರ್ಗಾಕ್ಕೆ ಹೋಗುವ ದಾರಿಯಲ್ಲಿದೆ. ತಾಲ್ಲೂಕಿನ ಉಳಿದ ಹೋಬಳಿಗಳು ಆಳಂದ, ನರೋಣಾ, ನಿಂಬರ್ಗಾ ಮತ್ತು ಮಾದನಹಿಪ್ಪರಗಾ. ಊರಿನ ಕೋರಣೇಶ್ವರ ವಿರಕ್ತಮಠ ಸುತ್ತಲಿನವರಿಗೆ ಪರಿಚಿತ. ಹೆಸರು ಈಚಲು ಜಾತಿಯ ಮರವನ್ನು ನೆನಪಿಸುತ್ತದೆ. ಇದೇ ಹೆಸರಿನ ಹಳ್ಳಿಗಳು ಉತ್ತರ ಭಾರತದಲ್ಲೂ ಹಲವಿವೆ.

ಇಲ್ಲಿನ ರಸ್ತೆ ಗಡಿಗಿಂತ ಹಳೆಯದು. 1956ರ ನವೆಂಬರ್ 1ರವರೆಗೆ ಆಳಂದವೂ ಉಮರ್ಗಾವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆಳಂದವಿದ್ದ ಗುಲ್ಬರ್ಗಾ (ಇಂದಿನ ಕಲಬುರಗಿ) ಜಿಲ್ಲೆ ಅಂದು ಮೈಸೂರು ರಾಜ್ಯಕ್ಕೆ ಸೇರಿತು. ಉಮರ್ಗಾ ಇದ್ದ ಉಸ್ಮಾನಾಬಾದ್ ಜಿಲ್ಲೆ ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಹೋಯಿತು. ಗೆರೆ ಬಿದ್ದರೂ ಸಂತೆ, ಬೀಗತನ, ಮಠ-ದರ್ಗಾಗಳ ನಂಟು ಕಡಿಯಲಿಲ್ಲ. ಕನ್ನಡದ ಜೊತೆಗೆ ಮರಾಠಿ, ದಖನಿ ಉರ್ದು ಈ ಸೀಮೆಯ ದಿನಬಳಕೆಯ ಮಾತು, ತಾಂಡಾಗಳಲ್ಲಿ ಲಂಬಾಣಿ. ಗಡಿ ಇದೆಯೆಂಬುದು ಕಣ್ಣಿಗೆ ಕಾಣುವುದು ಚುನಾವಣೆ ಹೊತ್ತಿನ ಚೆಕ್‌ಪೋಸ್ಟ್‌ಗಳಲ್ಲಿ. ಕೋವಿಡ್ ಕಾಲದಲ್ಲೂ ಖಜೂರಿ, ಹಿರೋಳಿಗಳಲ್ಲಿ ಚೆಕ್‌ಪೋಸ್ಟ್ ಹಾಕಿ ಮಹಾರಾಷ್ಟ್ರದಿಂದ ಬರುವವರನ್ನು ತಡೆದು ತಪಾಸಣೆ ಮಾಡಲಾಗುತ್ತಿತ್ತು.

ಸಂಚಾರಕ್ಕೆ ಬಸ್ಸೇ ಆಧಾರ. ಕರ್ನಾಟಕದ ಕಡೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ; ಹಳಬರ ಬಾಯಲ್ಲಿ ಅದಿನ್ನೂ ಈಶಾನ್ಯ ಸಾರಿಗೆ. ಬಸ್ಸಿಲ್ಲದ ಹೊತ್ತಿಗೆ ಟಂಟಂ, ಕ್ರೂಸರ್. ಆಳಂದದಿಂದ ಜಿಲ್ಲಾ ಕೇಂದ್ರ ಕಲಬುರಗಿಗೆ ಮತ್ತೆ ಸುಮಾರು 40 ಕಿಲೋಮೀಟರ್. ಉತ್ತರಕ್ಕೆ ಹೊರಟರೆ ಉಮರ್ಗಾದಲ್ಲಿ ಪುಣೆ–ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ (ರಾ.ಹೆ. 65, ಹಿಂದಿನ ರಾ.ಹೆ. 9) ಸಿಗುತ್ತದೆ, ಪುಣೆ, ಮುಂಬಯಿಗೆ ಹೋಗುವವರಿಗೆ ಇದು ದೊಡ್ಡ ಅನುಕೂಲ. ಟಿಕೆಟ್ ದರದಲ್ಲೂ ಎರಡು ರಾಜ್ಯ. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯಡಿ ಪ್ರಯಾಣ ಉಚಿತ. ಅದೇ ವರ್ಷದ ಮಾರ್ಚ್‌ನಿಂದ ಮಹಾರಾಷ್ಟ್ರದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್.

ರೈಲು ಆಳಂದ ಪಟ್ಟಣಕ್ಕೂ ಬಂದಿಲ್ಲ. ಸೊಲ್ಲಾಪುರ–ವಾಡಿ ಮುಖ್ಯ ಮಾರ್ಗ ದಕ್ಷಿಣದಲ್ಲಿ ದುಧನಿ, ಗಾಣಗಾಪುರ ರೋಡ್, ಕಲಬುರಗಿಗಳ ಮೇಲೆ ಹಾದುಹೋಗುತ್ತದೆ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಬೀದರ್–ಕಲಬುರಗಿ ಮಾರ್ಗ ಹಿಡಿದದ್ದು ಕಮಲಾಪುರದ ದಾರಿ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಆರಂಭವಾಯಿತು. ಕಚೇರಿ ಕೆಲಸಕ್ಕೆ ಕಲಬುರಗಿಗೆ ಹೋಗುವ ಖಜೂರಿಯ ಜನ ಲೋಕಸಭೆಗೆ ಮತ ಹಾಕುವುದು ಮಾತ್ರ ಬೀದರ್ ಕ್ಷೇತ್ರಕ್ಕೆ.

ಜನಸಂಖ್ಯೆಯನ್ನು ಒಂದು ಅಂಕಿಯಲ್ಲಿ ಹೇಳಿ ಮುಗಿಸುವ ಊರಲ್ಲ ಇದು. 2011ರ ಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 25,66,326. ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಆ ಅವಧಿಯುದ್ದಕ್ಕೂ ಊರಲ್ಲಿಲ್ಲದವರನ್ನು ಮನೆಯ ಲೆಕ್ಕಕ್ಕೆ ಸೇರಿಸುವುದಿಲ್ಲ, ಇದ್ದಲ್ಲಿಯೇ ಎಣಿಸುತ್ತಾರೆ. ತೊಗರಿ, ಜೋಳ ನಂಬಿದ ಮಳೆಯಾಶ್ರಿತ ಎರೆಭೂಮಿಯ ಆಳಂದ ಸೀಮೆಯಲ್ಲಿ ತೊಗರಿ ರಾಶಿ ಜನವರಿ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಹೊಲವಿಲ್ಲದವರು, ತುಂಡು ಹೊಲದವರು ಕೂಲಿಗಾಗಿ ಪುಣೆ, ಮುಂಬಯಿ ಕಡೆಗೆ ಗುಳೆ ಹೋಗುತ್ತಾರೆ. ಮುಂಗಾರಿಗೆ ಮರಳುವ ಇವರು ಗಣತಿಯ ಪಟ್ಟಿಯಲ್ಲಿ ಬೇರೆ ಊರಿನವರಾಗಿರುವುದುಂಟು. ಆದ್ದರಿಂದ ಇಂಥ ಹಳ್ಳಿಗಳ ಅಂಕಿಯನ್ನು ಆ ತಿಂಗಳ ಅಂಕಿಯೆಂದೇ ಓದಬೇಕು.

2021ರ ಗಣತಿ ನಡೆಯಲಿಲ್ಲ. ಮುಂದಿನದಕ್ಕೆ ಗೊತ್ತುಪಡಿಸಿದ ದಿನ 2027ರ ಮಾರ್ಚ್ 1. ಅದೂ ಗುಳೆಯ ಕಾಲವೇ.