ಹರಿಹರದ ನಾರಿನ ಕಾರ್ಖಾನೆಯೂ ತುಂಗಭದ್ರೆಯ ಎರಡು ದಡಗಳೂ

ಹರಿಹರದ ಹೆಸರನ್ನು ಹೊತ್ತು ಪ್ರಸಿದ್ಧವಾಗಿರುವ ಪಾಲಿಫೈಬರ್ಸ್ ಕಾರ್ಖಾನೆಯು ಹರಿಹರದಲ್ಲಿಲ್ಲ. ಸೇತುವೆಯನ್ನು ದಾಟಿ ತುಂಗಭದ್ರೆಯ ಆಚೆಯ ದಡವನ್ನು ಸೇರಿದ ಮೇಲೆ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ಅದು ನಿಂತಿದೆ. ಹೆಸರು ಒಂದು ದಡದ್ದು, ನೆಲ ಇನ್ನೊಂದು ದಡದ್ದು. ಇದು ಅಲ್ಪ ಸಂಗತಿಯೆಂದು ತೋರಬಹುದು. ಆದರೆ ಈ ಉದ್ಯಮದ ಚರಿತ್ರೆಯನ್ನು ಅದರ ಹೆಬ್ಬಾಗಿಲಲ್ಲಿ ನಿಂತು ಬರೆಯಲಾಗದು, ಅದಕ್ಕೆ ನೀರನ್ನಿತ್ತ ಹೊಳೆಯಿಂದಲೂ ಮರವನ್ನೀಯಬೇಕೆಂದು ಗೊತ್ತುಪಡಿಸಲಾದ ಊರುಗಳಿಂದಲೂ ಬರೆಯಬೇಕು ಎಂಬ ನಮ್ಮ ಅಭಿಪ್ರಾಯಕ್ಕೆ ಇದೇ ಮೊದಲನೆಯ ಆಧಾರ.

ಹರಿಹರವು ಬಹು ಕಾಲದಿಂದ ಎಲ್ಲೆಯ ಊರು. ಹರಿದ್ರೆಯು ತುಂಗಭದ್ರೆಯನ್ನು ಕೂಡುವ ಈ ಕ್ಷೇತ್ರದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. 1868ರಲ್ಲಿ ಹೊಳೆಗೆ ಕಲ್ಲು ಇಟ್ಟಿಗೆಗಳ ಕಮಾನು ಸೇತುವೆಯಾಯಿತು. ಆದರೂ 1956ರ ನವೆಂಬರ್ 1ರವರೆಗೆ ಈಚೆಯ ದಡ ಮೈಸೂರಿನದಾಗಿಯೂ ಆಚೆಯ ದಡ ಮುಂಬಯಿ ಪ್ರಾಂತದ್ದಾಗಿಯೂ ಉಳಿದುವು. ಏಕೀಕರಣದ ತರುವಾಯ ಅವು ಚಿತ್ರದುರ್ಗ ಮತ್ತು ಧಾರವಾಡ ಜಿಲ್ಲೆಗಳಿಗೆ ಸೇರಿದ್ದವು. 1997ರಿಂದೀಚೆಗೆ ದಾವಣಗೆರೆ ಮತ್ತು ಹಾವೇರಿ ಜಿಲ್ಲೆಗಳಿಗೆ ಸೇರಿವೆ. ಹೊಳೆಯ ಬಗೆಗಿನ ಯಾವ ದೂರಾದರೂ ಎರಡು ಕಚೇರಿಗಳಿಗೆ ಹೋಗಬೇಕಾದ ಸ್ಥಿತಿ ಮಾತ್ರ ಬದಲಾಗಲಿಲ್ಲ.

ಈ ಪ್ರದೇಶಕ್ಕೆ ಯಂತ್ರೋದ್ಯಮವು ಹೊಸದಾಗಿರಲಿಲ್ಲ. ದಾವಣಗೆರೆಯಲ್ಲಿ 1930ರ ದಶಕದಿಂದಲೇ ಹತ್ತಿಯ ಗಿರಣಿಗಳು ಬೆಳೆದಿದ್ದವು. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯ ಲೇತ್ ಯಂತ್ರಗಳು ದೇಶದ ಅನೇಕ ಕಾರ್ಖಾನೆಗಳಿಗೆ ಹೋದುವು. ಅದು ಸುತ್ತಣ ಸೀಮೆಯಿಂದ ಮುಖ್ಯವಾಗಿ ಬೇಡಿದುದು ಕುಶಲ ಕೈಗಳನ್ನು. ಪ್ರಸಕ್ತ ಶತಮಾನದ ಮೊದಲ ವರ್ಷಗಳಲ್ಲಿ ಅದು ಮುಚ್ಚಿದಾಗ ಬರಿದಾದುವೂ ಆ ಕೈಗಳೇ. ನಾರಿನ ಕಾರ್ಖಾನೆಯ ಬೇಡಿಕೆ ಬೇರೆ ಬಗೆಯದು. ಮಂಗಳೂರಿನ ತೈಲ ಶುದ್ಧೀಕರಣಾಗಾರಕ್ಕೆ ಕಚ್ಚಾ ತೈಲವು ಕಡಲ ಮೇಲೆ ಹಡಗಿನಲ್ಲಿ ಬರುತ್ತದೆ. ಕುಮಾರಪಟ್ಟಣಕ್ಕೆ ಬೇಕಾದ ಮರವಾದರೋ ನೆಲದಲ್ಲಿ ಬೆಳೆದು ಬರಬೇಕು; ಆ ನೆಲ ಯಾರದಾದರೂ ಆಗಿರಲೇಬೇಕಷ್ಟೆ.

ಗ್ವಾಲಿಯರ್ ರೇಯಾನ್ ಸಂಸ್ಥೆಯು (1986ರಿಂದ ಇದರ ಹೆಸರು ಗ್ರಾಸಿಮ್) ಇಲ್ಲಿ 1972ರಲ್ಲಿ ರೇಯಾನ್ ದರ್ಜೆಯ ತಿರುಳಿನ ಉತ್ಪಾದನೆಯನ್ನು ಆರಂಭಿಸಿತು. 1977ರಲ್ಲಿ ಆ ತಿರುಳಿನಿಂದ ನಾರನ್ನು ತೆಗೆಯುವ ಗ್ರಾಸಿಲೀನ್ ವಿಭಾಗವೂ ಸೇರಿತು. ನೀಲಗಿರಿಯ ಮರವನ್ನು ಚಕ್ಕೆಯಾಗಿ ಕತ್ತರಿಸಿ, ಹಬೆಯಲ್ಲಿ ಬೇಯಿಸಿ, ಬಳಿಕ ಕಾಸ್ಟಿಕ್ ಸೋಡಾ ಮತ್ತು ಗಂಧಕದ ಲವಣಗಳ ದ್ರಾವಣದಲ್ಲಿ ಕುದಿಸಿದರೆ, ಮರದ ನಾರುಗಳನ್ನು ಬೆಸೆದಿರುವ ಅಂಟು ಕರಗಿ ಕಪ್ಪು ದ್ರವವಾಗುತ್ತದೆ. ಉಳಿದ ತಿರುಳನ್ನು ಬಿಳುಪುಗೊಳಿಸಿ, ಇಂಗಾಲದ ಡೈಸಲ್ಫೈಡಿನ ಸಹಾಯದಿಂದ ಜೇನಿನಂಥ ದ್ರವವನ್ನಾಗಿ ಮಾಡಿ, ಸಣ್ಣ ರಂಧ್ರಗಳ ಮೂಲಕ ಗಂಧಕಾಮ್ಲದೊಳಕ್ಕೆ ಹಾಯಿಸಿದಾಗ ಅದು ಎಳೆಯಾಗುತ್ತದೆ. ಮರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನಾರಾಗದೆ ಹೋಗುತ್ತದೆ. ಕಪ್ಪು ದ್ರವವನ್ನು ಉರಿಸಿ ಅದರೊಳಗಿನ ರಸಾಯನವನ್ನು ಮರಳಿ ಪಡೆಯುವ ಕ್ರಮವುಂಟು. ಆದರೂ ತೊಳೆದ ಮತ್ತು ಬಿಳುಪಿಸಿದ ನೀರು ಹೊರಕ್ಕೆ ಬರಲೇಬೇಕು. ರಾಣೆಬೆನ್ನೂರು, ಬ್ಯಾಡಗಿ, ದಾವಣಗೆರೆಗಳ ಕಪ್ಪು ನೆಲದಲ್ಲಿ ಹತ್ತಿಯು ತಾನಾಗಿಯೇ ನಾರನ್ನು ಬಿಡುತ್ತಿರುವಾಗ ಅದರ ನಡುವೆಯೇ ಮರದಿಂದ ನಾರನ್ನು ತೆಗೆಯುವ ಈ ಪ್ರಯಾಸ ನಡೆದುದು ವಿಚಿತ್ರವಾದರೂ ನಿಜ.

ಜಲಮಾಲಿನ್ಯವನ್ನು ತಡೆಯುವ ಕೇಂದ್ರದ ಅಧಿನಿಯಮ ಬಂದುದು 1974ರಲ್ಲಿ. ಎಂದರೆ, ಕಾಯಿದೆಗಿಂತ ಕಾರ್ಖಾನೆಯೇ ಎರಡು ವರ್ಷ ಹಿರಿದು. ತುಂಗಭದ್ರೆಯು ಮಳೆಗಾಲದಲ್ಲಿ ಎಷ್ಟೋ ಕೊಳೆಯನ್ನು ಹೊತ್ತೊಯ್ಯಬಲ್ಲಳು. ಬೇಸಗೆಯಲ್ಲಿ ಹರಿವು ಕುಗ್ಗುತ್ತದೆ, ಕಾರ್ಖಾನೆಯಿಂದ ಬರುವ ನೀರು ಕುಗ್ಗುವುದಿಲ್ಲ. ಮೇಲಣ ಭದ್ರಾವತಿಯ ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳನ್ನು ದಾಟಿ ಬಂದ ಹೊಳೆಯೂ ಇದೇ ಆಗಿತ್ತೆಂಬುದನ್ನು ಮರೆಯಬಾರದು. 1984ರಲ್ಲಿ ಕೆಳದಂಡೆಯ ಊರುಗಳ ಬಳಿ ಮೀನುಗಳು ಹೆಚ್ಚಿನ ಸಂಖ್ಯೆಯಲ್ಲಿ ಸತ್ತು ತೇಲಿದಾಗ ದಡದ ಜನ ಕಾರ್ಖಾನೆಯ ಕಡೆಗೆ ಬೆರಳು ತೋರಿದರು. ಆ ಊರುಗಳಲ್ಲಿ ಹೊಳೆಯ ನೀರೇ ಕುಡಿಯುವ ನೀರು, ದನಗಳ ಮೈ ತೊಳೆಯುವ ನೀರು, ಮೀನುಗಾರನ ಅನ್ನ. ಕಾರ್ಖಾನೆಯಲ್ಲಿ ಸಂಬಳ ಪಡೆಯುವವರೂ ಇದೇ ಸೀಮೆಯವರಾಗಿದ್ದುದರಿಂದ ವಿವಾದವು ಹಲವೊಮ್ಮೆ ಊರಿನೊಳಗಿನ ವಿವಾದವೇ ಆಯಿತು. ಎಸ್. ಆರ್. ಹಿರೇಮಠರ ನೇತೃತ್ವದ ಸಮಾಜ ಪರಿವರ್ತನ ಸಮುದಾಯವು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು.

ಅದೇ ವರ್ಷದ ನವೆಂಬರಿನಲ್ಲಿ ಎರಡನೆಯ ಪ್ರಶ್ನೆ ತಲೆದೋರಿತು. ನಮ್ಮ ದೃಷ್ಟಿಯಲ್ಲಿ ಇದು ಮೊದಲನೆಯದಕ್ಕಿಂತ ಗಹನವಾದುದು. ಮರದ ಪೂರೈಕೆಗಾಗಿ ರಾಜ್ಯ ಸರ್ಕಾರವೂ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯನ್ನು ಸ್ಥಾಪಿಸಿದುವು. ಅದರಲ್ಲಿ ಸರ್ಕಾರದ ಪಾಲು ನೂರಕ್ಕೆ 51, ಕಾರ್ಖಾನೆಯ ಪಾಲು 49. ನಾಲ್ಕು ಜಿಲ್ಲೆಗಳಲ್ಲಿ ಹರಡಿದ್ದ 30,000 ಹೆಕ್ಟೇರ್ ನೆಲವನ್ನು 40 ವರ್ಷಗಳ ಗುತ್ತಿಗೆಗೆ, ಎಕರೆಗೆ ವರ್ಷಕ್ಕೆ 1 ರೂಪಾಯಿಯಂತೆ ಕೊಡುವುದೆಂದು ಗೊತ್ತಾಯಿತು. ಲೆಕ್ಕ ಹಾಕಿದರೆ ಅಷ್ಟೂ ನೆಲಕ್ಕೆ ವರ್ಷದ ಬಾಡಿಗೆ 75,000 ರೂಪಾಯಿಯನ್ನು ಮುಟ್ಟದು. ಬೆಳೆದ ಮರದಲ್ಲಿ ನೂರಕ್ಕೆ 87.5 ಪಾಲು ನೇರವಾಗಿ ಕಾರ್ಖಾನೆಗೆ ಸಲ್ಲಬೇಕು. ಕಡತಗಳಲ್ಲಿ ಈ ನೆಲಕ್ಕೆ ಇದ್ದ ಹೆಸರು ‘ಸಿ ಮತ್ತು ಡಿ ವರ್ಗದ ಭೂಮಿ’, ಆಡುಮಾತಿನಲ್ಲಿ ಪಾಳು. ಆದರೆ ಹಳ್ಳಿಯವರಿಗೆ ಅದು ದನ ಮೇಯುವ ಗೋಮಾಳ, ಸೌದೆಯ ಗುಡ್ಡ, ಎಲೆಗೊಬ್ಬರದ ಕುರುಚಲು. ನೀಲಗಿರಿಯ ಎಲೆಯನ್ನು ದನ ಮುಟ್ಟುವುದಿಲ್ಲವೆಂಬುದನ್ನು ಹೇಳಲು ಸಸ್ಯಶಾಸ್ತ್ರಜ್ಞನು ಬೇಕಾಗಿರಲಿಲ್ಲ. ಯಾವುದನ್ನು ಪಾಳೆನ್ನುವುದು, ಹಾಗೆನ್ನುವ ಅಧಿಕಾರ ಯಾರದು ಎಂಬುದೇ ಇಲ್ಲಿನ ನಿಜವಾದ ವಿವಾದ. ರಾಣೆಬೆನ್ನೂರಿನ ಸಮೀಪದಲ್ಲಿ 1974ರಲ್ಲಿ ಘೋಷಿತವಾದ ಕೃಷ್ಣಮೃಗ ಧಾಮದ 119 ಚದರ ಕಿಲೋಮೀಟರುಗಳಲ್ಲಿಯೂ ಬಹುಭಾಗ ನೀಲಗಿರಿಯ ತೋಪೇ ಎಂಬುದನ್ನು ನೆನೆದರೆ, ಬಯಲನ್ನು ಕಂಡೊಡನೆ ಅದನ್ನು ತುಂಬಿಬಿಡಬೇಕೆಂಬ ಆಡಳಿತದ ಆತುರ ಕಾರ್ಖಾನೆಯೊಂದರಿಂದಲೇ ಹುಟ್ಟಿದುದಲ್ಲವೆಂಬುದೂ ತಿಳಿಯುತ್ತದೆ.

ಶಿವರಾಮ ಕಾರಂತರು ಮೊದಲ ಅರ್ಜಿದಾರರಾಗಿ 1986ರ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹೋಯಿತು. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ದೊರೆಯಿತು. ಆ ವರ್ಷದ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸುಮಾರು 2,000 ಜನ ಸೇರಿ ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತು, ಆ ಕುಳಿಗಳಲ್ಲಿ ಹಣ್ಣಿನ ಮತ್ತು ಮೇವಿನ ಸಸಿಗಳನ್ನು ನೆಟ್ಟರು. ಇದಕ್ಕೆ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವೆಂದು ಹೆಸರಾಯಿತು. ಹಚ್ಚುವುದೆಂದರೆ ಮೈಸೂರು ಸೀಮೆಯವನಿಗೆ ಮೊದಲು ಹೊಳೆಯುವುದು ದೀಪ ಹಚ್ಚುವುದು. ಧಾರವಾಡದ ಕಡೆಯವರಿಗೆ ಅದು ಸಸಿ ನೆಡುವುದೂ ಹೌದು. ಹೊಳೆಯ ಎರಡು ದಡಗಳ ಅಂತರ ಈ ಒಂದು ಮಾತಿನಲ್ಲಿಯೂ ಕಾಣುತ್ತದೆ. ಕಿತ್ತುದಕ್ಕಿಂತ ನೆಟ್ಟುದೇ ಈ ಸತ್ಯಾಗ್ರಹದ ವೈಶಿಷ್ಟ್ಯವೆಂದು ನಾವು ಭಾವಿಸುತ್ತೇವೆ. ಕೇವಲ ಕಿತ್ತಿದ್ದರೆ ಅದನ್ನು ದೊಂಬಿಯೆಂದು ಬರೆದುಕೊಳ್ಳುವುದು ಸುಲಭವಾಗುತ್ತಿತ್ತು. 1991ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಮುಚ್ಚಲಾಯಿತು.

ಕಾರ್ಖಾನೆ ಮುಚ್ಚಲಿಲ್ಲ. ಇದೇ ಸಂಸ್ಥೆಯು ಕೇರಳದ ಮಾವೂರಿನಲ್ಲಿ, ಚಾಲಿಯಾರ್ ಹೊಳೆಯ ದಡದಲ್ಲಿ, 1963ರಿಂದ ನಡೆಸಿದ ತಿರುಳಿನ ಕಾರ್ಖಾನೆಯು ಬಿದಿರಿನ ಅಭಾವ, ಮಾಲಿನ್ಯದ ದೂರು, ಕಾರ್ಮಿಕ ವಿವಾದಗಳ ನಡುವೆ ಶತಮಾನದ ತಿರುವಿನಲ್ಲಿ ನಿಂತುಹೋಯಿತು. ಕುಮಾರಪಟ್ಟಣದ್ದು ಉಳಿದುದಕ್ಕೆ ಒಂದು ಮುಖ್ಯ ಕಾರಣ, ಗೋಮಾಳದ ದಾರಿ ಕಟ್ಟಿದ ಮೇಲೆ ಅದು ರೈತರ ಸ್ವಂತ ಹೊಲಗಳಲ್ಲಿ ಬೆಳೆದ ಮರದ ಕಡೆಗೆ ಹೊರಳಿದುದು. ಅಲ್ಲಿಂದ ಮುಂದೆ ನೆಡುವ ಬಿಡುವ ನಿರ್ಧಾರ ಹೊಲದ ಒಡೆಯನದಾಯಿತು. ಮಳೆ ಕೈಕೊಟ್ಟ ಸೀಮೆಗಳಲ್ಲಿ ಎಷ್ಟೋ ಮಂದಿ ನೆಟ್ಟರು, ಕೂಲಿಯ ಖರ್ಚು ಉಳಿಯಿತು. ಅಂತರ್ಜಲ ಕುಸಿಯುತ್ತದೆಂಬ ಕಾರಣದಿಂದ 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.