ಸರ್ಚ್ ಫೋಲ್ಡರ್‌ನಲ್ಲಿ ಡಿಲೀಟ್ ಮಾಡಿದರೆ ಅಸಲಿ ಮೇಲ್ ಉಳಿಯುತ್ತದೆಯೇ?

ಮೇಲ್‌ಬಾಕ್ಸ್ ತುಂಬಿದೆ ಎಂಬ ಎಚ್ಚರಿಕೆ ಬಂದಾಗ ಸಿಗುವ ಸಲಹೆಗಳಲ್ಲಿ ಇದೂ ಒಂದು: ‘ಒಂದೇ ಮೇಲ್ ಎರಡು ಫೋಲ್ಡರ್‌ಗಳಲ್ಲಿ ಕಾಣುತ್ತಿದೆಯೇ? ಒಂದು ಕಡೆ ಡಿಲೀಟ್ ಮಾಡಿ, ಜಾಗ ಉಳಿಯುತ್ತದೆ.’ ನಕಲು ಮಾಡಿಟ್ಟ ಮೇಲ್ ಆಗಿದ್ದರೆ ಈ ಮಾತು ಸರಿ. ಸರ್ಚ್ ಫೋಲ್ಡರ್ ಆಗಿದ್ದರೆ ಪೂರ್ತಿ ತಪ್ಪು.

ಸರ್ಚ್ ಫೋಲ್ಡರ್ ಎಂದರೆ ಉಳಿಸಿಟ್ಟ ಒಂದು ಹುಡುಕಾಟ, ಅಷ್ಟೇ. ಅದರೊಳಗೆ ಮೇಲ್‌ಗಳೇ ಇರುವುದಿಲ್ಲ. ಷರತ್ತಿಗೆ ಹೊಂದುವ ಮೇಲ್‌ಗಳು ಎಲ್ಲಿವೆಯೋ ಅಲ್ಲಿಂದಲೇ ಸರ್ವರ್ ಅವುಗಳನ್ನು ತೋರಿಸುತ್ತದೆ. ಹಾಗಾಗಿ ಇಂತಹ ಫೋಲ್ಡರ್ ಅನ್ನೇ ಅಳಿಸಿದರೆ ಒಂದು ಮೇಲ್ ಕೂಡ ಹೋಗುವುದಿಲ್ಲ. ಆದರೆ ಅದರೊಳಗೆ ಕಾಣುವ ಮೇಲ್ ಅಳಿಸಿದರೆ ಇನ್‌ಬಾಕ್ಸ್‌ನಲ್ಲಿರುವ ಅಸಲಿ ಮೇಲೇ ಹೋಗುತ್ತದೆ.

ಕುರುಬರಹಳ್ಳಿಯಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ ಇದೆ ಎಂದುಕೊಳ್ಳಿ. ಕಾಗದ, ಇಂಕು ಕೊಡುವವರ ಇನ್‌ವಾಯ್ಸ್‌ಗಳೆಲ್ಲ ಮೇಲ್‌ನಲ್ಲೇ ಬರುತ್ತವೆ. ಲೆಕ್ಕ ನೋಡುವವರು ‘ಇನ್‌ವಾಯ್ಸ್’ ಎಂಬ ಸರ್ಚ್ ಫೋಲ್ಡರ್ ಮಾಡಿಕೊಂಡಿದ್ದಾರೆ. ಅವರು ಅದನ್ನು ನಕಲೆಂದು ತಿಳಿದು ಖಾಲಿ ಮಾಡಿದರೆ ಮೂರು ವರ್ಷದ ದಾಖಲೆ ಕೈಬಿಟ್ಟ ಹಾಗೆ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಇಟ್ಟುಕೊಂಡಿರಬೇಕು. ಜಿಮೇಲ್‌ನ ಟ್ರ್ಯಾಶ್ 30 ದಿನಗಳ ನಂತರ ತಾನಾಗಿಯೇ ಖಾಲಿಯಾಗುತ್ತದೆ, ಎಚ್ಚರ.

ಅಂದಹಾಗೆ, ಜಿಮೇಲ್‌ನಲ್ಲಿ ಇರುವುದು ಲೇಬಲ್. ಅದು ಮೇಲ್‌ಗೆ ಅಂಟಿಸಿದ ಚೀಟಿ ಇದ್ದಂತೆ. ಒಂದೇ ಮೇಲ್‌ಗೆ ನಾಲ್ಕು ಲೇಬಲ್ ಹಾಕಿದರೂ 15 ಜಿಬಿ ಉಚಿತ ಜಾಗದಲ್ಲಿ ಅದರ ಲೆಕ್ಕ ಒಂದೇ.

ಪ್ರೋಗ್ರಾಂ ಮೂಲಕ ಮಾಡುವುದು ಹೇಗೆ?

ಐವತ್ತು ಜನರ ಕಚೇರಿಯಲ್ಲಿ ಒಬ್ಬೊಬ್ಬರ ಕಂಪ್ಯೂಟರ್ ಮುಂದೆ ಕೂತು ಫೋಲ್ಡರ್ ಮಾಡುವುದು ಆಗದ ಮಾತು. ಮೈಕ್ರೋಸಾಫ್ಟ್‌ನ ಮೇಲ್ ಸೇವೆ ಬಳಸುವ ಕಡೆ ಗ್ರಾಫ್ ಎಂಬ ಎಪಿಐ ಮೂಲಕ ಈ ಕೆಲಸವನ್ನು ಪ್ರೋಗ್ರಾಂಗೆ ವಹಿಸಬಹುದು. ಸರ್ವರ್‌ಗೆ ಕೊಡಬೇಕಾದ ವಿವರ ಹೆಚ್ಚೇನಿಲ್ಲ: ಫೋಲ್ಡರ್‌ನ ಹೆಸರು, ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕು, ಅವುಗಳ ಒಳ ಫೋಲ್ಡರ್‌ಗಳೂ ಸೇರಬೇಕೇ, ಷರತ್ತು ಏನು. ಹೊಸ ಫೋಲ್ಡರ್ ಅನ್ನು ‘ಸರ್ಚ್ ಫೋಲ್ಡರ್ಸ್’ ಎಂಬ ಮೂಲ ಫೋಲ್ಡರ್‌ನ ಒಳಗೇ ಇಡಬೇಕು. ಬೇರೆ ಕಡೆ ಇಟ್ಟರೆ ಸರ್ವರ್‌ನಲ್ಲಿ ಇರುತ್ತದೆ, ಔಟ್‌ಲುಕ್‌ನಲ್ಲಿ ಕಾಣುವುದಿಲ್ಲ.

ಹೀಗೆ ಮಾಡಿದ ಫೋಲ್ಡರ್ 45 ದಿನ ಯಾರೂ ಬಳಸದಿದ್ದರೆ ಅವಧಿ ಮುಗಿದು ಹೋಗಬಹುದು. ಫೋಲ್ಡರ್ ಮಾಯವಾಯಿತು ಎಂದ ಮಾತ್ರಕ್ಕೆ ಅಕೌಂಟ್ ಹ್ಯಾಕ್ ಆಗಿದೆ ಎಂದರ್ಥವಲ್ಲ. ಆ ಅನುಮಾನ ಬಂದರೆ ನೋಡಬೇಕಾದ ಜಾಗ ಬೇರೆ: ಸೆಟ್ಟಿಂಗ್ಸ್‌ನಲ್ಲಿ ನೀವು ಹಾಕದ ರೂಲ್ ಇದೆಯೇ, ಗುರುತಿಲ್ಲದ ವಿಳಾಸಕ್ಕೆ ಫಾರ್ವರ್ಡಿಂಗ್ ಆಗುತ್ತಿದೆಯೇ ಎಂದು ನೋಡಿ. ಸರ್ಚ್ ಫೋಲ್ಡರ್ ತಾನಾಗಿ ಯಾರಿಗೂ ಮೇಲ್ ಕಳುಹಿಸುವುದಿಲ್ಲ.

ನಿಜವಾದ ಅಪಾಯ ಇರುವುದು ಅನುಮತಿಯಲ್ಲಿ. ಗ್ರಾಫ್ ಮೂಲಕ ಈ ಫೋಲ್ಡರ್ ಮಾಡಲು ಪ್ರೋಗ್ರಾಂಗೆ ಮೇಲ್ ಓದುವ ಮತ್ತು ಬದಲಾಯಿಸುವ ಅನುಮತಿ ಬೇಕು. ಅಂದರೆ ಒಂದು ಖಾಲಿ ಹುಡುಕಾಟ ಉಳಿಸುವುದಕ್ಕೆ ಇಡೀ ಮೇಲ್‌ಬಾಕ್ಸ್‌ನ ಬೀಗದ ಕೈ ಕೊಟ್ಟಂತೆ. ‘ನಿಮ್ಮ ಮೇಲ್ ಅಚ್ಚುಕಟ್ಟು ಮಾಡಿಕೊಡುತ್ತೇವೆ’ ಎನ್ನುವ ಅಪರಿಚಿತ ಆ್ಯಪ್‌ಗೆ ‘ಅಲೌ’ ಒತ್ತುವ ಮೊದಲು ಆ ಪುಟದಲ್ಲಿ ಬರೆದಿರುವುದನ್ನು ಓದಿ. ಈಗಾಗಲೇ ಕೊಟ್ಟಿದ್ದರೆ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಹಿಂಪಡೆಯಬಹುದು.

ಕನ್ನಡದ ಷರತ್ತು ಹಾಕುವವರಿಗೆ ಇನ್ನೊಂದು ತೊಡಕಿದೆ. ‘ರಸೀದಿ’ ಎಂದು ಯುನಿಕೋಡ್‌ನಲ್ಲಿ ಹುಡುಕಿದರೆ, ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಮೇಲ್ ಸಿಗುವುದಿಲ್ಲ. ಆ ಫಾಂಟ್‌ಗಳಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡವಾದರೂ ಒಳಗೆ ಉಳಿದಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಸರ್ವರ್ ಹೋಲಿಸುವುದು ಸಂಕೇತವನ್ನೇ ಹೊರತು ಅಕ್ಷರದ ರೂಪವನ್ನಲ್ಲ. ಅಂತಹ ಹಳೆಯ ಮೇಲ್‌ಗಳಿಗೆ ಪದದ ಬದಲು ಕಳುಹಿಸಿದವರ ವಿಳಾಸ ಮತ್ತು ದಿನಾಂಕವನ್ನು ಷರತ್ತಾಗಿ ಕೊಟ್ಟರೆ ಕೆಲಸ ಆಗುತ್ತದೆ.